ತೊಲಿ ತೂಕದ ರೂಪಾಯಿ, ಪರದೆಯ ಮೇಲಿನ ಲಿಲಾವು

ಎಲೆ-ಅಡಿಕೆ ಸಂಚಿಯನ್ನು ಕಾಕಾ ಜಮಖಾನದ ಮೇಲೆ ಬೋರಲು ಹಾಕಿದಾಗ ಮೊದಲು ಉದುರಿದ್ದು ಒಣಗಿದ ಸುಣ್ಣ, ಅದರ ಹಿಂದೆ ನಾಣ್ಯಗಳು. ಬೈಲಹೊಂಗಲದ ಕಡೆ ಮುದುಕಿಯರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ, ಒಳಗೆ ಮೂರು ನಾಲ್ಕು ಅರೆಗಳಿರುವ ಬಟ್ಟೆಯ ಸಂಚಿ ಅದು. ಕಾಕಾನ ತಾಯಿ ತೀರಿಕೊಂಡ ಮೇಲೆ ಟ್ರಂಕಿನ ತಳದಲ್ಲಿ ಸಿಕ್ಕಿತ್ತಂತೆ. ಕೂತು ಎಣಿಸಿದೆವು. ಕಪ್ಪಗೆ ಮಾಸಿದ ಬೆಳ್ಳಿ ರೂಪಾಯಿ ಐದು: 1862, 1901, 1907, 1918, 1945. ತಾಮ್ರದ ಕಾಲಾಣೆ ಒಂದು ಹಿಡಿ. ನಡುವೆ ತೂತಿರುವ ಪೈಸೆ ಎಂಟು. ಹುಲಿಯ ಚಿತ್ರದ 1947ರ ರೂಪಾಯಿ ಒಂದು. ಲೆಕ್ಕಕ್ಕೆ ಸಿಗದಷ್ಟು ನಯಾ ಪೈಸೆ. ಕೊನೆಗೆ, ಮಿರಮಿರ ಮಿಂಚುವ ಐದು ರೂಪಾಯಿಯ ಒಂದು ನಾಣ್ಯ.

"ಮಾಸ್ತರ, ಇದರಾಗ ಒಂದ ನಾಣ್ಯ ಹತ್ತ ಲಕ್ಷಕ್ಕ ಹೋಗತೈತಂತ. ಮೊಮ್ಮಗ ಮೊಬೈಲನ್ಯಾಗ ತೋರಿಸಿದ. ನೀವ ಅಷ್ಟ ಆನ್‌ಲೈನ್ ಲಿಲಾವಕ್ಕ ಹಚ್ಚಿ ಕೊಡ್ರಿ."

"ಯಾವ್ದ ಕಾಕಾ?"

ಅವರು ಬೆಳ್ಳಿಯನ್ನೆಲ್ಲ ಬದಿಗೆ ಸರಿಸಿ ಆ ಐದು ರೂಪಾಯಿಯನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟರು. ಮಾತಾ ವೈಷ್ಣೋದೇವಿಯ ಚಿತ್ರವಿರುವ 2012ರ ನಾಣ್ಯ. ದೇಗುಲ ಮಂಡಳಿಗೆ 25 ವರ್ಷ ತುಂಬಿದ ನೆನಪಿಗೆ ಸರ್ಕಾರ ಐದು ಮತ್ತು ಹತ್ತು ರೂಪಾಯಿಗಳಲ್ಲಿ ಹೊರಡಿಸಿದ್ದು. ಚಲಾವಣೆಗೆಂದೇ ಅಚ್ಚಾದ ನಾಣ್ಯ. ಅದನ್ನು ಕೊಟ್ಟರೆ ಇವತ್ತಿಗೂ ಐದು ರೂಪಾಯಿಯ ಸಾಮಾನು ಬರುತ್ತದೆ, ಅಷ್ಟೇ. ಸಂಚಿಯಲ್ಲಿ ಎಲ್ಲಕ್ಕಿಂತ ಬೆಲೆ ಬಾಳುವಂಥವು ಅವರು ಬದಿಗೆ ಸರಿಸಿದ ಆ ಕಪ್ಪು ರೂಪಾಯಿಗಳೇ ಆಗಿದ್ದವು.

ಹತ್ತು ಲಕ್ಷದ ವಿಡಿಯೋಗಳ ಹಿಂದಿನ ದಾರಿ ಒಂದೇ. ನಂಬರಿಗೆ ಫೋನು ಮಾಡಿದರೆ "ನಿಮ್ಮ ನಾಣ್ಯ ಪಾಸಾಯಿತು" ಅನ್ನುತ್ತಾರೆ. ಆಮೇಲೆ ನೋಂದಣಿ ಶುಲ್ಕ, ತೆರಿಗೆ, ರಿಸರ್ವ್ ಬ್ಯಾಂಕಿನ ಕಮಿಷನ್ ಎಂದು ಒಂದೊಂದಾಗಿ ಕೇಳುತ್ತಾರೆ. ಇದು ಎಷ್ಟು ಹಬ್ಬಿತೆಂದರೆ 2021ರ ಆಗಸ್ಟಿನಲ್ಲಿ ಭಾರತೀಯ ರಿಸರ್ವ್ ಬ್ಯಾಂಕೇ ಪ್ರಕಟಣೆ ಹೊರಡಿಸಿ, ಹಳೆಯ ನೋಟು-ನಾಣ್ಯಗಳ ಕೊಡು-ಕೊಳ್ಳುವಿಕೆಯಲ್ಲಿ ತಾನು ಇಲ್ಲ, ಅದಕ್ಕಾಗಿ ಯಾವ ಶುಲ್ಕವನ್ನೂ ಯಾರಿಂದಲೂ ಕೇಳುವುದಿಲ್ಲ ಎಂದು ಹೇಳಬೇಕಾಯಿತು. ಮಾರುವವನೇ ಮೊದಲು ದುಡ್ಡು ಕಟ್ಟಬೇಕಾದ ಲಿಲಾವು ಲಿಲಾವಲ್ಲ. ಇದೊಂದು ಮಾತು ಮನೆಮನೆಗೆ ತಲುಪಿದರೂ ನಮ್ಮ ಕಡೆಯ ಎಷ್ಟೋ ರೈತರ ಕಷ್ಟದ ರೊಕ್ಕ ಉಳಿದೀತು.

ಹಾಗಾದರೆ ಈ ಸಂಚಿಗೆ ನಿಜವಾದ ಬೆಲೆ ಎಷ್ಟು? ಅದನ್ನು ತಿಳಿಯಲು ಎರಡು ವಿಜ್ಞಾನಗಳು ಬೇಕು. ಒಂದು ಲೋಹದ್ದು, ಇನ್ನೊಂದು ಹರಾಜಿನದು.

ಮೊದಲು ತೂಕ. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಆಡಳಿತದ ಉದ್ದಗಲಕ್ಕೂ ಒಂದೇ ರೂಪಾಯಿಯನ್ನು ತಂದಾಗ ಅದರ ತೂಕವನ್ನು 180 ಗ್ರೇನ್, ಅಂದರೆ 11.66 ಗ್ರಾಂ ಎಂದು ಗೊತ್ತು ಮಾಡಿತು. ಅದೇ ಒಂದು ತೊಲ. ನಮ್ಮ ಹಿರಿಯರು ಬಂಗಾರವನ್ನು "ತೊಲಿ" ಲೆಕ್ಕದಲ್ಲಿ ಹೇಳುವುದಕ್ಕೂ, ಅಕ್ಕಸಾಲಿಗರು ತಕ್ಕಡಿಯ ಒಂದು ತಟ್ಟೆಗೆ ರೂಪಾಯಿ ಹಾಕುತ್ತಿದ್ದುದಕ್ಕೂ ಇದೇ ಬೇರು. ಆ ರೂಪಾಯಿಯ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಸವೆಯದ ರೂಪಾಯಿಯಲ್ಲಿ ಹತ್ತಿರ ಹತ್ತಿರ 10.7 ಗ್ರಾಂ ಬೆಳ್ಳಿ ಇರುತ್ತದೆ. 1940ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಬೆಳ್ಳಿಯ ಪಾಲನ್ನು ಅರ್ಧಕ್ಕೆ ಇಳಿಸಿದರು. ಉಳಿದರ್ಧಕ್ಕೆ ತಾಮ್ರ, ನಿಕ್ಕೆಲ್, ಸತು ಸೇರಿಸಿದರು. ತೂಕ ಮಾತ್ರ ಅದೇ. 1947ರ ಹುಲಿ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ, ಪೂರಾ ನಿಕ್ಕೆಲ್. ಅಯಸ್ಕಾಂತ ಹಿಡಿದರೆ ಹಾರಿ ಅಂಟಿಕೊಳ್ಳುತ್ತದೆ.

1907 ಮತ್ತು 1945ರ ರೂಪಾಯಿಗಳು ಕಣ್ಣಿಗೆ ಒಂದೇ ಬಣ್ಣ, ತಕ್ಕಡಿಗೆ ಒಂದೇ ತೂಕ. ಒಳಗಿನ ಬೆಳ್ಳಿಯ ಅಂತರ ತಿಳಿಯುವುದು ಹೇಗೆ? ಇಸವಿ ಓದಿದರೆ ತಿಳಿಯುತ್ತದೆ, ಸರಿ. ಇಸವಿಯೇ ನಕಲಿಯಾಗಿದ್ದರೆ? ಆಗ ಆರ್ಕಿಮಿಡೀಸನನ್ನೇ ಕರೆಯಬೇಕು. ಬಂಗಾರದ ಅಂಗಡಿಯಲ್ಲಿರುವಂಥ, ಗ್ರಾಮಿನ ನೂರನೆಯ ಒಂದಂಶವನ್ನು ತೋರಿಸುವ ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ನಾಣ್ಯಕ್ಕೆ ತೆಳು ದಾರ ಕಟ್ಟಿ, ತಳಕ್ಕೂ ಗೋಡೆಗೂ ತಾಗದ ಹಾಗೆ ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ತೋರಿಸುವುದು ನಾಣ್ಯದ ತೂಕವನ್ನಲ್ಲ, ಅದು ಜರುಗಿಸಿದ ನೀರಿನ ತೂಕವನ್ನು. 1907ರ ರೂಪಾಯಿ ಸವೆಯದಿದ್ದರೆ 1.13 ಗ್ರಾಮಿನ ಹತ್ತಿರ ಬರಬೇಕು. 1945ರದ್ದು 1.22ರ ಹತ್ತಿರ. ತಾಮ್ರ-ನಿಕ್ಕೆಲ್ ಬೆರೆಸಿ ಬೆಳ್ಳಿಯ ಬಣ್ಣ ಬರಿಸಿದ ನಕಲಿಯಾದರೆ 1.30. ಬೆಳ್ಳಿ ಒತ್ತೊತ್ತಾದ ಲೋಹ. ಅದೇ ತೂಕಕ್ಕೆ ಕಡಿಮೆ ಜಾಗ ಸಾಕು, ಕಡಿಮೆ ನೀರು ಜರುಗುತ್ತದೆ. ಸವೆದ ನಾಣ್ಯವಾದರೂ ಚಿಂತೆಯಿಲ್ಲ, ನಾಣ್ಯದ ತೂಕವನ್ನು ನೀರಿನ ತೂಕದಿಂದ ಭಾಗಿಸಿ: 10.3 ಬಂದರೆ ಒಳ್ಳೆಯ ಬೆಳ್ಳಿ, 9.5 ಬಂದರೆ ಅರೆಬೆಳ್ಳಿ. ಕಾಕಾ ಎರಡು ಸಲ ಮಾಡಿಸಿ ನೋಡಿದರು. ಮೂರನೆಯ ಸಲ ದಾರವನ್ನು ತಾವೇ ಹಿಡಿದರು.

ಈ ಲೆಕ್ಕ ಏಕೆ ಮುಖ್ಯವೆಂದರೆ, ಬೆಳ್ಳಿ ರೂಪಾಯಿಗೆ ಒಂದು ತಳವಿದೆ. ಯಾರೂ ಸಂಗ್ರಹಕ್ಕೆ ಬೇಡವೆಂದರೂ ಅದರ ಬೆಳ್ಳಿಗೆ ಆ ದಿನದ ದರ ಇದ್ದೇ ಇದೆ. ತಾಮ್ರದ ಕಾಲಾಣೆಗೆ ಅಂಥ ತಳ ಇಲ್ಲ ಎನ್ನಬಹುದು. ಅದರ ಬೆಲೆಯೆಲ್ಲ ಸಂಗ್ರಾಹಕರ ಆಸೆಯ ಮೇಲೆಯೇ ನಿಂತಿದೆ.

ಆಸೆ ಹುಟ್ಟುವುದು ವಯಸ್ಸಿನಿಂದಲ್ಲ. ಹಳೆಯದಾದಷ್ಟೂ ಬೆಲೆ ಹೆಚ್ಚು ಎಂಬುದು ಈ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ. ಕಾಕಾನ 1862ರ ರೂಪಾಯಿಯನ್ನೇ ನೋಡಿ. ವಿಕ್ಟೋರಿಯಾ ರಾಣಿಯ ಆ ರೂಪಾಯಿಗೆ 1862 ಎಂಬ ಇಸವಿಯನ್ನು ಹಾಗೆಯೇ ಇಟ್ಟುಕೊಂಡು ಮುಂದಿನ ಹತ್ತು ಹನ್ನೆರಡು ವರ್ಷ ಅಚ್ಚು ಹಾಕುತ್ತಲೇ ಹೋದರು. ಆಯಾ ವರ್ಷದ ಇಸವಿ ಬರತೊಡಗಿದ್ದು 1874ರಿಂದ. ಹೀಗಾಗಿ ಅದು ಹಳೆಯದು, ಆದರೆ ರಾಶಿರಾಶಿ ಇದೆ. ಅದಕ್ಕಿಂತ ಅರ್ಧ ಶತಮಾನ ಚಿಕ್ಕದಾದ 1911ರ ರೂಪಾಯಿಗೆ ಹೆಚ್ಚು ಬೆಲೆ. ಐದನೆಯ ಜಾರ್ಜ್ ದೊರೆಯ ನಿಲುವಂಗಿಯ ಮೇಲೆ ಕೆತ್ತಿದ್ದ ಆನೆಯ ಸೊಂಡಿಲು ಗಿಡ್ಡವಾಗಿ ಹಂದಿಯ ಹಾಗೆ ಕಂಡಿತೆಂದು ಆಕ್ಷೇಪ ಬಂದು, ಹೊರಬಿಟ್ಟಿದ್ದನ್ನು ಹಿಂತೆಗೆದುಕೊಂಡು 1912ರಲ್ಲಿ ಆನೆಯನ್ನು ತಿದ್ದಿದರು. 1939ರ ರೂಪಾಯಿ ಇನ್ನೂ ವಿರಳ. ಅದಕ್ಕೇ 1938ರ ಕೊನೆಯ ಅಂಕಿಯನ್ನು 9 ಮಾಡಿ ಮಾರುವವರೂ ಹುಟ್ಟಿಕೊಂಡಿದ್ದಾರೆ. ಎಷ್ಟು ಅಚ್ಚಾಯಿತು, ಎಷ್ಟು ಉಳಿಯಿತು, ಯಾವ ಸ್ಥಿತಿಯಲ್ಲಿ ಉಳಿಯಿತು ಎಂಬ ಮೂರು ಪ್ರಶ್ನೆಗಳಲ್ಲಿ ಮನೆಯ ಸಂಚಿಯ ನಾಣ್ಯಕ್ಕೆ ಕೊನೆಯದೇ ನಿರ್ಣಾಯಕ.

ಸ್ಥಿತಿಯ ಮಾತು ಬಂದಾಗ ಕಾಕಾ ನಡುವೆ ಬಾಯಿ ಹಾಕಿದರು. "ಹುಣಸಿಹಣ್ಣ ಹಚ್ಚಿ ತಿಕ್ಕಿ ಬೆಳ್ಳಗ ಮಾಡ್ಕೊಂಡ ಬರತಿದ್ನಿ. ನಮ್ಮ ಮನಿಯಾಕಿ, ಅತ್ತಿ ಇಟ್ಟಂಗ ಇರ್ಲಿ ಅಂತ ಬಿಡಲಿಲ್ಲ."

ಕಾಕಾನ ಹೆಂಡತಿ ತಿಳಿಯದೆಯೇ ಅರ್ಧ ಬೆಲೆ ಉಳಿಸಿಕೊಟ್ಟಿದ್ದರು. ಟಂಕಸಾಲೆಯಲ್ಲಿ ಎರಡು ಉಕ್ಕಿನ ಅಚ್ಚುಗಳ ನಡುವೆ ಬಿಲ್ಲೆ ಅಪ್ಪಚ್ಚಿಯಾಗುವಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಒಂದಿಷ್ಟು ಹರಿಯುತ್ತದೆ. ಆ ಹರಿವು ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ನವುರಾದ ಗೆರೆಗಳನ್ನು ಬಿಡುತ್ತದೆ. ಹೊಸ ನಾಣ್ಯವನ್ನು ದೀಪದ ಕೆಳಗೆ ಓರೆ ಮಾಡಿದಾಗ ಬೆಳಕು ಚಕ್ಕಡಿಯ ಗಾಲಿಯ ಅರಗಳ ಹಾಗೆ ಸುತ್ತುವುದು ಈ ಗೆರೆಗಳಿಂದ. ಹುಣಸೆಯ ಟಾರ್ಟಾರಿಕ್ ಆಮ್ಲ ತಾಮ್ರದ ಆಕ್ಸೈಡ್ ಪದರವನ್ನು ಕರಗಿಸಿ ತೆಗೆಯುತ್ತದೆ, ನಿಜ. ಪೂಜೆಯ ತಂಬಿಗೆಗೆ ಅದು ಚಂದ. ನಾಣ್ಯದಲ್ಲಿ ಆ ಪದರದ ಜೊತೆಗೆ ಗೆರೆಗಳೂ ಹೋಗುತ್ತವೆ. ಪಾತ್ರೆ ತಿಕ್ಕುವ ಪುಡಿಯಾದರೆ ಇನ್ನೂ ಕೇಡು, ಒಂದೇ ದಿಕ್ಕಿಗೆ ಸಾವಿರ ಗೀರು ಎಳೆಯುತ್ತದೆ. ಭೂತಗನ್ನಡಿ ಹಿಡಿದ ಸಂಗ್ರಾಹಕ ಅದನ್ನು ಒಂದು ನೋಟಕ್ಕೆ ಹಿಡಿಯುತ್ತಾನೆ. ಕಳೆದುಹೋದ ಮೇಲ್ಮೈಯನ್ನು ಮರಳಿ ತರುವ ರಸಾಯನ ಯಾವುದೂ ಇಲ್ಲ.

ಬೆಳ್ಳಿಯ ಕಪ್ಪು ಕೊಳೆಯಲ್ಲ, ಬೆಳ್ಳಿಯ ಸಲ್ಫೈಡ್. ಗಾಳಿಯಲ್ಲಿ, ಒಲೆಯ ಹೊಗೆಯಲ್ಲಿ ಅಷ್ಟಿಷ್ಟು ಗಂಧಕದ ಅನಿಲ ಇರುತ್ತದೆ. ಅದು ಬೆಳ್ಳಿಯ ಜೊತೆ ಕೂಡಿ ಪೊರೆ ಕಟ್ಟುತ್ತದೆ. ಪೊರೆ ತೆಳುವಾಗಿದ್ದಾಗ, ಮಳೆನೀರಿನ ಮೇಲೆ ಬಿದ್ದ ಎಣ್ಣೆಯ ಹನಿಯಲ್ಲಿ ಕಾಮನಬಿಲ್ಲು ಮೂಡುವಂತೆಯೇ, ಹೊಂಬಣ್ಣ ನೀಲಿ ನೇರಳೆ ಮೂಡುತ್ತವೆ. ಅಂಥ ಬಣ್ಣಕ್ಕೆ ಹೆಚ್ಚು ಕೊಡುವ ಸಂಗ್ರಾಹಕರಿದ್ದಾರೆ. ಕಾಕಾನ ನಾಣ್ಯಗಳ ಮೇಲಿದ್ದ ಬಿಳಿ ಚುಕ್ಕೆಗಳು ಸಂಚಿಯ ಸುಣ್ಣದವು, ಗಾಳಿಯ ಇಂಗಾಲದ ಡೈಆಕ್ಸೈಡ್ ತಗುಲಿ ಗಟ್ಟಿಯಾದದ್ದು. ಅವನ್ನೂ ಕೆರೆಯಲಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಿದೆ: ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ಕಿನ ಆಲ್ಬಂನಲ್ಲಿ ಇಡಬೇಡಿ. ವರ್ಷಗಳು ಕಳೆದಂತೆ ಅದರಿಂದ ಆಮ್ಲ ಹೊರಟು ನಾಣ್ಯಕ್ಕೆ ಹಸಿರು ಅಂಟು ಹಿಡಿಯುತ್ತದೆ. ಕಾಗದದ ಪೊಟ್ಟಣವೇ ಮೇಲು.

ಸ್ಥಿತಿಯನ್ನು ಅಂಕಿಯಲ್ಲಿ ಹೇಳುವ ಒಂದು ಮಾಪಕವನ್ನು 1949ರಲ್ಲಿ ಅಮೆರಿಕದ ವಿಲಿಯಂ ಶೆಲ್ಡನ್ ತಂದ. ಒಂದರಿಂದ ಎಪ್ಪತ್ತರವರೆಗೆ. ಇವತ್ತು ಜಗತ್ತಿನ ನಾಣ್ಯ ಪೇಟೆಯ ಬಹುಪಾಲು ಅದರ ಮೇಲೆಯೇ ನಡೆಯುತ್ತದೆ. ಆದರೆ ನಾಣ್ಯವನ್ನು ಹೀಗೆ ಅಳೆಯುವ ವಿದ್ಯೆ ನಮ್ಮ ಸೀಮೆಗೆ ಹೊಸದೇನಲ್ಲ. ತೊರಗಲ್ಲನ್ನೇ ನೋಡಿ: ಇಂದು ಅದು ರಾಮದುರ್ಗ ತಾಲ್ಲೂಕಿನ ಒಂದು ಊರು, ಒಂದು ಕೋಟೆ, ಭೂತನಾಥನ ಗುಡಿಗಳು. ಶಾಸನಗಳ ಕಾಲಕ್ಕೆ ಅದು ತೊರಗಲೆ ಆರು ಸಾವಿರ ಎಂಬ ನಾಡು. ಸವದತ್ತಿ ರಟ್ಟರ ರಾಜಧಾನಿಯಾಗಿದ್ದ ದಿನಗಳಲ್ಲಿ ದಾನದ ಲೆಕ್ಕಗಳು ಗದ್ಯಾಣ, ಪಣ, ಹಾಗ, ವೀಸಗಳಲ್ಲಿ ನಡೆಯುತ್ತಿದ್ದವು. ಹಣ, ಕಾಸು, ದುಡ್ಡು ಎಂದು ಇವತ್ತು ಸಾರಾಸಗಟಾಗಿ ಆಡುವ ಮಾತುಗಳೆಲ್ಲ ಒಂದೊಂದು ಕಾಲಕ್ಕೆ ಒಂದೊಂದು ನಾಣ್ಯದ ಹೆಸರುಗಳೇ. ಮುಂದೆ ಮೊಘಲರ, ಮರಾಠರ ಕಾಲಕ್ಕೆ ಗೋಕಾಕದ ಆಜಮ್‌ನಗರ, ಬಾಗಲಕೋಟೆ, ತೊರಗಲ್ಲು ಹೀಗೆ ಹತ್ತಿರ ಹತ್ತಿರದ ಟಂಕಸಾಲೆಗಳ ಬೆಳ್ಳಿ ರೂಪಾಯಿಗಳು ಒಂದೇ ಸಂತೆಯಲ್ಲಿ ಕೈ ಬದಲಿಸುತ್ತಿದ್ದವು. ಒಂದರ ಬೆಳ್ಳಿಯಂತೆ ಇನ್ನೊಂದರದ್ದಲ್ಲ. ಚಿನಿವಾರ ನಾಣ್ಯವನ್ನು ಕಲ್ಲಿನ ಮೇಲೆ ಬಡಿದು ನಾದ ಕೇಳಿ, ಒರೆಗಲ್ಲಿಗೆ ತಿಕ್ಕಿ, ಇಷ್ಟು ಬಟ್ಟಾ, ಅಂದರೆ ಕಡಿತ, ಎಂದು ಮುರಿದುಕೊಂಡು ಲೆಕ್ಕ ಕೊಡುತ್ತಿದ್ದ. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಭಂಡಾರಕ್ಕೆ ಕಾವಲು ಹಾಕಿಸಿ, ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಪಡೆಯ ಎದುರು ಪ್ರಾಣ ಕಳೆದುಕೊಂಡಾಗ ಈ ಸೀಮೆಯಲ್ಲಿ ಓಡಾಡುತ್ತಿದ್ದುದು ಇಂಥ ಬಗೆಬಗೆಯ ರೂಪಾಯಿಗಳೇ. ಕಂಪನಿಯ ಏಕರೂಪದ ರೂಪಾಯಿಗೆ ಇನ್ನೂ ಹನ್ನೊಂದು ವರ್ಷ ಬಾಕಿ ಇತ್ತು.

ಚಿನಿವಾರನ ಜಾಗದಲ್ಲಿ ಈಗ ಇರುವುದು ಫೋನಿನ ಪರದೆ. ಅಲ್ಲಿ ನಾದ ಕೇಳಿಸುವುದಿಲ್ಲ, ಒರೆಗಲ್ಲೂ ಇಲ್ಲ. ಕಾಣದ ನಾಣ್ಯಕ್ಕೆ ಕಾಣದವರು ಬೆಲೆ ಕೂಗಬೇಕು. ಇಲ್ಲಿಂದ ಎರಡನೆಯ ವಿಜ್ಞಾನ ಶುರು.

ನಮ್ಮ ರೈತರಿಗೆ ಎರಡು ಬಗೆಯ ಹರಾಜು ಚೆನ್ನಾಗಿ ಗೊತ್ತು. ಜಾತ್ರೆಯಲ್ಲಿ ದೇವರಿಗೆ ಬಂದ ತೆಂಗಿನಕಾಯಿ, ಸೀರೆಗಳನ್ನು ಸವಾಲಿಗೆ ಹಚ್ಚುತ್ತಾರೆ. ಒಬ್ಬರ ಮೇಲೊಬ್ಬರು ಕೂಗುತ್ತ ಹೋಗಿ ಕೊನೆಗೆ ಉಳಿದವರಿಗೆ ಸಿಗುತ್ತದೆ. ಎಪಿಎಂಸಿಯಲ್ಲಿ ನಡೆಯುವುದು ಟೆಂಡರು. ಪ್ರತಿ ವ್ಯಾಪಾರಿ ಹತ್ತಿಯ ಅಂಡಿಗೆಗೆ ತನ್ನ ದರವನ್ನು ಗುಟ್ಟಾಗಿ ಬರೆಯುತ್ತಾನೆ, ಈಗ ಕಂಪ್ಯೂಟರಿನಲ್ಲಿ. ಹೆಚ್ಚು ಬರೆದವನಿಗೆ ಮಾಲು, ಬರೆದಷ್ಟೇ ದರಕ್ಕೆ. ಟೆಂಡರಿನಲ್ಲಿ ಜಾಣ ವ್ಯಾಪಾರಿ ತನ್ನ ಮನಸ್ಸಿನ ಪೂರ್ತಿ ದರ ಬರೆಯುವುದಿಲ್ಲ, ಒಂದಿಷ್ಟು ಹಿಡಿದುಕೊಂಡೇ ಬರೆಯುತ್ತಾನೆ. ಪೂರ್ತಿ ಬರೆದು ಗೆದ್ದರೆ ಅವನಿಗೆ ಉಳಿಯುವುದೇನು?

ಆನ್‌ಲೈನ್ ಲಿಲಾವು ಇವೆರಡರ ನಡುವಿನ ಮೂರನೆಯ ಬಗೆ. ಕೊಳ್ಳುವವನು ತಾನು ಕೊಡಬಲ್ಲ ಗರಿಷ್ಠ ಬೆಲೆಯನ್ನು ಗುಟ್ಟಾಗಿ ಕಂಪ್ಯೂಟರಿಗೆ ತಿಳಿಸುತ್ತಾನೆ. ಅವನ ಪರವಾಗಿ ಕಂಪ್ಯೂಟರು ಬೇಕಾದಷ್ಟೇ ಏರಿಸುತ್ತ ಹೋಗುತ್ತದೆ. ಉದಾಹರಣೆಗೆ, ಒಂದು ಕಟ್ಟು ಕಾಲಾಣೆಗೆ ಒಬ್ಬ 180, ಇನ್ನೊಬ್ಬ 240, ಮತ್ತೊಬ್ಬ 400 ರೂಪಾಯಿ ಎಂದು ಹಾಕಿದ್ದಾರೆನ್ನಿ. 400 ಹಾಕಿದವನು ಗೆಲ್ಲುತ್ತಾನೆ, ಆದರೆ ಕೊಡುವುದು 240ರ ಮೇಲೆ ಒಂದು ಮೆಟ್ಟಿಲು, 250. ಬೆಲೆಯನ್ನು ಗೊತ್ತು ಮಾಡುವವನು ಸೋತವರಲ್ಲಿ ಮೊದಲನೆಯವನು. ಹೀಗಾದಾಗ ಸುಳ್ಳು ದರ ಹೇಳಿ ಯಾರಿಗೂ ಲಾಭವಿಲ್ಲ, ತನ್ನ ನಿಜವಾದ ಬೆಲೆಯನ್ನೇ ಹೇಳುವುದು ಉತ್ತಮ ಎಂದು 1961ರಲ್ಲಿ ವಿಲಿಯಂ ವಿಕ್ರಿ ಗಣಿತದಿಂದ ತೋರಿಸಿದರು. 1996ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಘೋಷಣೆಯಾದ ಮೂರೇ ದಿನಕ್ಕೆ ತೀರಿಕೊಂಡರು. ಆದರೆ ಈ ಪದ್ಧತಿಯನ್ನು ಅವರಿಗಿಂತ ಮೊದಲೇ ಸಂಗ್ರಾಹಕರು ಕಂಡುಕೊಂಡಿದ್ದರು. 1893ರಲ್ಲೇ ಅಮೆರಿಕದ ನಾರ್ಥ್ಯಾಂಪ್ಟನ್ ಊರಿನ ಅಂಚೆಚೀಟಿ ವ್ಯಾಪಾರಿಗಳು ಕಾಗದದ ಮೂಲಕ ಇಂಥದೇ ಎರಡನೆಯ ಬೆಲೆಯ ಹರಾಜು ನಡೆಸಿದ ದಾಖಲೆ ಇದೆ. ದೂರದೂರಿನಿಂದ ಬರಲಾಗದ ಗಿರಾಕಿಗಳಿಗೆ ನ್ಯಾಯವಾಗಲಿ ಎಂದು ವ್ಯಾಪಾರಿಗಳೇ ಹೂಡಿದ ಉಪಾಯ.

ಈ ಲೆಕ್ಕದಿಂದ ಮಾರುವವನಿಗೆ ನೇರವಾಗಿ ಒಂದು ಪಾಠ ಸಿಗುತ್ತದೆ. ಒಬ್ಬ ದೊಡ್ಡ ಆಸಾಮಿ ಬಂದರೆ ಸಾಲದು, ಇಬ್ಬರು ಬೇಕು. ಒಂದೇ ಒಂದು ಕೂಗು ಬಂದರೆ ನಾಣ್ಯ ಆರಂಭದ ಬೆಲೆಗೇ ಹೋಗುತ್ತದೆ. ಆದ್ದರಿಂದ ಬೆಳ್ಳಿ ರೂಪಾಯಿಯ ಆರಂಭದ ಬೆಲೆಯನ್ನು ಆ ದಿನದ ಬೆಳ್ಳಿಯ ದರಕ್ಕಿಂತ ಕೆಳಗೆ ಇಡಬಾರದು. ತಾಮ್ರದ ಕಟ್ಟಿಗೆ ಕಡಿಮೆ ಇಟ್ಟು ಹೆಚ್ಚು ಜನರನ್ನು ಕರೆಯಬಹುದು.

ಸಾಧಾರಣ ನಾಣ್ಯಗಳ ಆನ್‌ಲೈನ್ ಹರಾಜನ್ನೇ ಹಿಡಿದು ಮಾಡಿದ ಒಂದು ಒಳ್ಳೆಯ ಅಧ್ಯಯನವಿದೆ. 1999ರಲ್ಲಿ ಡೇವಿಡ್ ಲಕಿಂಗ್-ರೈಲಿ ಮತ್ತು ಮೂವರು ಸಂಗಡಿಗರು ಇಬೇ ಎಂಬ ಆನ್‌ಲೈನ್ ಹರಾಜು ತಾಣದಲ್ಲಿ ಒಂದು ತಿಂಗಳು ನಡೆದ ಹರಾಜುಗಳಲ್ಲಿ 461ನ್ನು ಆಯ್ದು ಅಳೆದರು. ಎಲ್ಲವೂ ಅಮೆರಿಕದ ಇಂಡಿಯನ್ ಹೆಡ್ ಪೆನ್ನಿಗಳು, ನಮ್ಮ ಕಾಲಾಣೆಯಂಥ ಪುಡಿ ತಾಮ್ರ. 2007ರಲ್ಲಿ ಅಚ್ಚಾದ ಅವರ ಬರಹ ಹೇಳುವುದು ಇಷ್ಟು: ಮೂರು ದಿನದ ಹರಾಜಿಗಿಂತ ಏಳು ದಿನದ್ದಕ್ಕೆ ಸರಾಸರಿ ಶೇ. 24, ಹತ್ತು ದಿನದ್ದಕ್ಕೆ ಶೇ. 42 ಹೆಚ್ಚು ಬೆಲೆ ಬಂತು. ಮಾರುವವನ ಬಗ್ಗೆ ಹಳೆಯ ಗಿರಾಕಿಗಳು ಬರೆದ ಒಳ್ಳೆಯ ಮಾತಿಗಿಂತ ಕೆಟ್ಟ ಮಾತು ಬೆಲೆಯನ್ನು ಜೋರಾಗಿ ಅಲುಗಿಸಿತು. ಇನ್ನೊಂದು ಪ್ರಯೋಗದಲ್ಲಿ ಒಬ್ಬನೇ ವ್ಯಾಪಾರಿ ಒಂದೇ ತರಹದ ಹಳೆಯ ಪೋಸ್ಟ್‌ಕಾರ್ಡುಗಳನ್ನು ತನ್ನ ಹೆಸರುವಾಸಿ ಖಾತೆಯಿಂದಲೂ, ಹೊಸ ಅನಾಮಿಕ ಖಾತೆಗಳಿಂದಲೂ ಮಾರಿ ನೋಡಿದ. ಹಳೆಯ ಹೆಸರಿಗೆ ಶೇ. 8.1 ಹೆಚ್ಚು ಸಿಕ್ಕಿತು. ಮಾಲು ಅದೇ, ಮಾರಿದವನೂ ಅವನೇ.

ಇದರ ಹಿಂದೆ ಇರುವುದು ಹೆಚ್ಚು ಕೊಟ್ಟುಬಿಟ್ಟೇನೆಂಬ ಭಯ. 1983ರಲ್ಲಿ ಬೇಜರ್‌ಮನ್ ಮತ್ತು ಸ್ಯಾಮ್ಯುಯೆಲ್ಸನ್ ಎಂಬ ಇಬ್ಬರು ಬಾಸ್ಟನ್ನಿನ ವಿದ್ಯಾರ್ಥಿಗಳ ಮುಂದೆ ನಾಣ್ಯ, ಕಾಗದದ ಕ್ಲಿಪ್ಪುಗಳಂಥವನ್ನು ತುಂಬಿದ ಭರಣಿಗಳನ್ನು ಇಟ್ಟು ಹರಾಜು ಕೂಗಿದರು. ಪ್ರತಿಯೊಂದರಲ್ಲೂ ಎಂಟು ಡಾಲರಿನಷ್ಟು ಇತ್ತು. ವಿದ್ಯಾರ್ಥಿಗಳ ಅಂದಾಜಿನ ಸರಾಸರಿ 5.13 ಡಾಲರ್. ಆದರೆ ಗೆದ್ದ ಕೂಗುಗಳ ಸರಾಸರಿ 10.01! ಸರಾಸರಿಯಲ್ಲಿ ಅಂದಾಜು ಕಡಿಮೆಯೇ ಇದ್ದರೂ ಗೆಲ್ಲುವವನು ಎಲ್ಲರಿಗಿಂತ ಮೇಲಕ್ಕೆ ತಪ್ಪಿದವನೇ ಆಗಿರುತ್ತಾನೆ. ಗೆದ್ದವನ ಶಾಪ ಎಂದು ಇದನ್ನು ಕರೆಯುತ್ತಾರೆ. ಅನುಭವಿ ಸಂಗ್ರಾಹಕರು ಈ ಶಾಪವನ್ನು ಬಲ್ಲರು. ಪ್ಯಾಟ್ರಿಕ್ ಬಜಾರಿ ಮತ್ತು ಅಲಿ ಹೋರ್ಟಚ್ಸು 1998ರ ಇಬೇ ನಾಣ್ಯ ಹರಾಜುಗಳನ್ನು ಅಳೆದಾಗ, ಎದುರಾಳಿ ಒಬ್ಬ ಹೆಚ್ಚಿದರೆ ಪ್ರತಿಯೊಬ್ಬನೂ ತನ್ನ ಕೂಗನ್ನು ಸುಮಾರು ಶೇ. 3.2 ತಗ್ಗಿಸುತ್ತಾನೆ ಎಂದು ಕಂಡುಬಂತು. ನಾಣ್ಯದ ಬಗ್ಗೆ ಏನು ಗೊತ್ತಿಲ್ಲವೋ ಅದಕ್ಕೆ ಅವರು ಮುಂಚೆಯೇ ಬಟ್ಟಾ ಮುರಿದುಕೊಳ್ಳುತ್ತಾರೆ.

ಆ ಬಟ್ಟಾ ತಪ್ಪಿಸಲು ಮಾರುವವನ ಕೈಯಲ್ಲಿ ಇರುವುದು ಒಂದೇ ದಾರಿ, ಗೊತ್ತಿದ್ದದ್ದನ್ನೆಲ್ಲ ಹೇಳಿಬಿಡುವುದು. 1982ರಲ್ಲಿ ಪಾಲ್ ಮಿಲ್‌ಗ್ರಾಮ್ ಮತ್ತು ರಾಬರ್ಟ್ ವೆಬರ್ ಇದನ್ನೇ ಗಣಿತದಲ್ಲಿ ಸಿದ್ಧ ಮಾಡಿದರು: ಇಂಥ ಹರಾಜಿನಲ್ಲಿ ಒಳ್ಳೆಯದನ್ನೂ ಕೆಟ್ಟದ್ದನ್ನೂ ತಪ್ಪದೆ ತಿಳಿಸುವ ಮಾರಾಟಗಾರನಿಗೆ ಸರಾಸರಿಯಲ್ಲಿ ಹೆಚ್ಚೇ ದಕ್ಕುತ್ತದೆ. 2020ರ ನೊಬೆಲ್ ಮಿಲ್‌ಗ್ರಾಮ್ ಅವರಿಗೂ ಬಂತು. ಅರ್ಥಶಾಸ್ತ್ರದಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯ ಪ್ರಮೇಯ ಇದು. ನಿಜ ಹೇಳುವುದು ಒಳ್ಳೆಯ ನಡತೆಯಷ್ಟೇ ಅಲ್ಲ, ಲಾಭವೂ ಹೌದು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಲೆಕ್ಕ ನಾನು ಕಂಡಿಲ್ಲ.

ಕಾಕಾನ 1918ರ ರೂಪಾಯಿಯ ಅಂಚಿನಲ್ಲಿ ಒಂದು ಕಡೆ ಬೆಸುಗೆಯ ಗುಳಿ ಇತ್ತು. ಯಾವುದೋ ಕಾಲಕ್ಕೆ ಕೊಂಡಿ ಹಚ್ಚಿ ಸರಕ್ಕೆ ಪೋಣಿಸಿದ್ದು. ಪಟ ತೆಗೆಯುವಾಗ ಕಾಕಾ ಆ ಬದಿಯನ್ನು ಕೆಳಗೆ ಮಾಡಿದರು. ನಾನು ಮೇಲೆ ತಿರುಗಿಸಿದೆ. ಕಿಟಕಿಯ ಓರೆ ಬೆಳಕಿನಲ್ಲಿ ಎರಡೂ ಮುಖ, ಅಂಚು, ಪಕ್ಕದಲ್ಲಿ ಅಳತೆಪಟ್ಟಿ. ಕೆಳಗೆ ಬರೆದೆವು: ತೂಕ ಇಷ್ಟು, ನೀರಿನ ಪರೀಕ್ಷೆಯಲ್ಲಿ ಬಂದ ಅಂಕಿ ಇಷ್ಟು, ತೊಳೆದಿಲ್ಲ, ಅಂಚಿನಲ್ಲಿ ಕೊಂಡಿ ಬೆಸೆದ ಗುರುತಿದೆ, ಸುಣ್ಣದ ಚುಕ್ಕೆಗಳಿವೆ, ಬೈಲಹೊಂಗಲ ಸೀಮೆಯ ಒಂದು ಮನೆಯ ಎಲೆ-ಅಡಿಕೆ ಸಂಚಿಯಲ್ಲಿ ಇದ್ದದ್ದು. ಆ ಕೊನೆಯ ಸಾಲನ್ನು ಕಾಕಾನೇ ಹೇಳಿ ಬರೆಸಿದರು.

ಕಾಲಾಣೆ, ತೂತಿನ ಪೈಸೆ, ನಯಾ ಪೈಸೆಗಳನ್ನು ಬಿಡಿಬಿಡಿಯಾಗಿ ಮಾರುವುದರಲ್ಲಿ ಅರ್ಥವಿಲ್ಲ. ಒಂದೊಂದಕ್ಕೆ ಬರುವುದಕ್ಕಿಂತ ಕಳಿಸುವ ಖರ್ಚೇ ಹೆಚ್ಚು. ಅವನ್ನು ಕಥೆಯಿರುವ ಕಟ್ಟುಗಳಾಗಿ ಜೋಡಿಸಿದರೆ ಹೊಸ ಸಂಗ್ರಾಹಕರು, ಶಾಲೆಯ ಮಕ್ಕಳು ಕೊಳ್ಳುತ್ತಾರೆ. 1943ರಿಂದ 1947ರವರೆಗಿನ ತೂತಿನ ಪೈಸೆಗಳು ಒಂದು ಕಟ್ಟು: ಯುದ್ಧದ ದಿನಗಳಲ್ಲಿ ತಾಮ್ರ ಉಳಿಸಲು ನಡುವೆ ತೂತು ಬಿದ್ದವು ಎಂಬ ಚೀಟಿಯ ಜೊತೆ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ಪೈಸೆಯಾದ ಮೇಲಿನ, 1964ರಲ್ಲಿ "ನಯಾ" ಬಿಟ್ಟುಹೋಗುವವರೆಗಿನ ಪೈಸೆಗಳು ಇನ್ನೊಂದು. ಇಸವಿಯ ಕೆಳಗಿನ ಗುರುತು ನೋಡಿ ವಿಂಗಡಿಸುವುದೂ ಚಂದ: ವಜ್ರದ ಗುರುತು ಮುಂಬಯಿಯದು, ನಕ್ಷತ್ರ ಹೈದರಾಬಾದಿನದು, ಏನೂ ಇಲ್ಲದಿದ್ದರೆ ಕೋಲ್ಕತ್ತ.

ಎಲ್ಲಿ ಮಾರುವುದು? ನಮ್ಮ ದೇಶದ ಇಬೇ ತಾಣ 2018ರ ಆಗಸ್ಟಿನಲ್ಲಿ ಮುಚ್ಚಿತು. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬಯಿಯ ಟೋಡಿವಾಲಾದಂಥ ಹರಾಜು ಮನೆಗಳು ಪಟ್ಟಿ ಅಚ್ಚು ಹಾಕಿಸಿ, ಆನ್‌ಲೈನಿನಲ್ಲೂ ಕೂಗಲು ಅವಕಾಶ ಕೊಟ್ಟು ಲಿಲಾವು ನಡೆಸುತ್ತವೆ. ಮಾರುವ ಮೊದಲು ಎಷ್ಟು ಕೇಳುತ್ತಿದ್ದಾರೆ ಎಂದು ನೋಡಬೇಡಿ, ಎಷ್ಟಕ್ಕೆ ಹೋಯಿತು ಎಂದು ನೋಡಿ. ಯಾರು ಬೇಕಾದರೂ ಕೋಟಿ ಕೇಳಬಹುದು, ಬೆಲೆ ಎಂದರೆ ಇನ್ನೊಬ್ಬರು ಕೊಟ್ಟದ್ದು. ಕಮಿಷನ್ ಎಷ್ಟು, ಸಾಗಣೆಯ ವಿಮೆ ಯಾರದು ಎಂದು ಬರೆಸಿಕೊಳ್ಳಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾನೂನಿನ ಪ್ರಕಾರ ಪುರಾವಸ್ತು. ವಿದೇಶದ ಗಿರಾಕಿ ಎಷ್ಟೇ ಕೊಡುತ್ತೇನೆಂದರೂ ಅದನ್ನು ದೇಶದ ಹೊರಗೆ ಕಳಿಸುವ ಹಾಗಿಲ್ಲ. ಅಂಥವುಗಳ ವ್ಯಾಪಾರವನ್ನೇ ಕಸುಬು ಮಾಡಿಕೊಂಡವರಿಗೆ ಪರವಾನಗಿ ಇರಬೇಕು, ಅದನ್ನು ಕೇಳಿ ನೋಡಿ. ಕಾಕಾನ ಐದು ಬೆಳ್ಳಿ ರೂಪಾಯಿಗಳಲ್ಲಿ ನಾಲ್ಕು ಈ ಗೆರೆಯ ಆಚೆಗಿದ್ದವು.

ಕಾಕಾನ ನಾಣ್ಯಗಳ ಆನ್‌ಲೈನ್ ಲಿಲಾವು ಹತ್ತು ದಿನ ನಡೆಯಿತು. ಒಂಬತ್ತು ದಿನ ಏನೂ ಜರುಗದೆ ಕೊನೆಯ ಐದು ನಿಮಿಷಕ್ಕೆ ಕೂಗು ಏರಿದ್ದು ಕಂಡು ಕಾಕಾಗೆ ಅಚ್ಚರಿ. ಮುಗಿಯುವ ಹೊತ್ತು ಗಟ್ಟಿಯಾಗಿ ಗೊತ್ತಿರುವ ಹರಾಜುಗಳಲ್ಲಿ ಹೀಗೇ ಆಗುತ್ತದೆ, ಕೊನೆಯ ಕೂಗಿನ ಮೇಲೆ ಹೊತ್ತು ತಾನೇ ಮುಂದಕ್ಕೆ ಹೋಗುವ ಕಡೆ ಈ ಆತುರ ಕಡಿಮೆ ಎಂದು ಆಲ್ವಿನ್ ರಾಥ್ ಮತ್ತು ಆ್ಯಕ್ಸೆಲ್ ಓಕನ್‌ಫೆಲ್ಸ್ 2002ರಲ್ಲೇ ತೋರಿಸಿದ್ದಾರೆ. ಬೆಳ್ಳಿ ರೂಪಾಯಿಗಳು ಬೆಳ್ಳಿಯ ದರಕ್ಕಿಂತ ತುಸು ಮೇಲೆ ಹೋದವು. ಕೊಂಡಿಯ ಗುರುತಿನದ್ದು ಉಳಿದವುಗಳಿಗಿಂತ ಕಡಿಮೆಗೆ, ಆದರೆ ಒಂದು ಪ್ರಶ್ನೆಯೂ ಬರದೆ ಹೋಯಿತು. ಹತ್ತು ಲಕ್ಷ ಬರಲಿಲ್ಲ. ಬಂದದ್ದರಲ್ಲಿ ಕಾಕಾ ಒಂದು ಚೀಲ ಬೀಜ ತಂದರು.

ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದರು. "ಮಾಸ್ತರ, ಹೊಲದಾಗ ಸಿಕ್ಕದ್ದನ್ನೂ ಹಿಂಗ ಮಾರಬಹುದೇನ್ರಿ?"

ಇದಕ್ಕೆ ಉತ್ತರ ಬೇರೆ. ಸಂಚಿಯ ರೂಪಾಯಿ ಲಕ್ಷಗಟ್ಟಲೆ ಇವೆ, ಒಂದು ಕೈಬಿಟ್ಟರೆ ಚರಿತ್ರೆಗೆ ನಷ್ಟವಿಲ್ಲ. ನೇಗಿಲಿಗೆ ತಾಗಿ ಎರೆಮಣ್ಣಿನಿಂದ ಮೇಲೆ ಬಂದ ಕುಡಿಕೆ ಹಾಗಲ್ಲ. ಯಾವ ನಾಣ್ಯದ ಜೊತೆ ಯಾವುದಿತ್ತು, ಎಷ್ಟು ಆಳದಲ್ಲಿ, ಯಾವ ಹೊಲದಲ್ಲಿ ಎಂಬುದರಿಂದಲೇ ತೊರಗಲ್ಲಿನ ರೂಪಾಯಿ ಎಲ್ಲಿಯವರೆಗೆ ಓಡಾಡಿತು, ಯಾವ ವರ್ಷ ಜನ ಹೆದರಿ ಹೂತಿಟ್ಟರು ಎಂದು ತಿಳಿಯಬೇಕು. ಬಿಡಿಸಿ ಹಂಚಿಕೊಂಡ ದಿನವೇ ಆ ತಿಳಿವು ಹೋಯಿತು. ಇಂಥ ನಿಧಿಯ ಸುದ್ದಿಯನ್ನು ಜಿಲ್ಲಾಡಳಿತಕ್ಕೆ ಮುಟ್ಟಿಸಲೇಬೇಕೆಂದು ಕಾನೂನೂ ಹೇಳುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ರೈತ ಬಂಧುಗಳಲ್ಲಿ ನನ್ನ ಬೇಡಿಕೆ ಇಷ್ಟೇ: ನೇಗಿಲಿಗೆ ಕುಡಿಕೆ ತಾಗಿದರೆ ಅದನ್ನು ಎತ್ತಬೇಡಿ, ತೊಳೆಯಬೇಡಿ. ಇದ್ದ ಜಾಗದಲ್ಲೇ ಒಂದು ಪಟ ತೆಗೆದು, ಅಂದೇ ತಹಶೀಲ್ದಾರರ ಕಚೇರಿಗೆ ತಿಳಿಸಿ.